ಆಕಾಶಕ್ಕೊಂದು ಗಾಜು, ಕಡಲಿಗೊಂದು ಗಾಜು

ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಛಾಯಾಚಿತ್ರಗಳನ್ನು ತೆಗೆದ. ಇವತ್ತು ಅವನ್ನು ನೋಡುವವರ ಕಣ್ಣು ಮೊದಲು ಹೋಗುವುದು ವಿಠ್ಠಲ ದೇವಾಲಯದ ಕಲ್ಲಿನ ರಥದ ಕಡೆಗೆ. ಆಗ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿತ್ತು, ಈಗ ಇಲ್ಲ. ಬಂಡೆಗಳ ಒರಟು ಮೈ, ಕಂಬಗಳ ಕೆತ್ತನೆ, ಗೋಪುರದ ಬಿರುಕು ಎಲ್ಲವೂ ಅಚ್ಚುಕಟ್ಟಾಗಿ ಮೂಡಿವೆ. ಇಲ್ಲದಿರುವುದು ಆಕಾಶ. ಕಲ್ಲು ಮುಗಿದ ಕಡೆ ಬರೀ ಕಾಗದದ ಬಿಳುಪು. ಅಲ್ಲಿ ಮೋಡವಿಲ್ಲ, ಹಕ್ಕಿಯಿಲ್ಲ.

ಇದು ಗ್ರೀನ್‌ಲಾನ ಕೈತಪ್ಪಲ್ಲ. ಆ ಕಾಲದ ಬೆಳ್ಳಿ ಲವಣಗಳಿಗೆ ನೀಲಿ ಬೆಳಕು ಅತಿಯಾಗಿ ನಾಟುತ್ತಿತ್ತು. ಹಸಿರು ಅಷ್ಟಾಗಿ ನಾಟುತ್ತಿರಲಿಲ್ಲ, ಕೆಂಪು ನಾಟುತ್ತಲೇ ಇರಲಿಲ್ಲ. ಬಂಡೆ ಚೆನ್ನಾಗಿ ಬರಲಿ ಎಂದು ಕಾದರೆ ಅಷ್ಟರಲ್ಲಿ ಆಕಾಶ ಸುಟ್ಟುಹೋಗುತ್ತಿತ್ತು. ಆಕಾಶಕ್ಕೆಂದು ಬೇಗ ಮುಚ್ಚಿದರೆ ಬಂಡೆ ಕತ್ತಲಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನ ಬಹುಪಾಲು ಭೂದೃಶ್ಯಗಳಲ್ಲಿ ಹೀಗೆ ನೆಲವಿದೆ, ಮೇಲೆ ಏನೂ ಇಲ್ಲ.

ಇಂದು ಮೊಬೈಲ್ ಎತ್ತಿದವರಿಗೆ ಸಂಜೆಯ ಬಾನು, ಕೆರೆಯ ನೀರು, ಅಂಗಳದ ದಾಸವಾಳ, ತಂತಿಯ ಮೇಲಿನ ಪಿಕಳಾರ ನಾಲ್ಕೂ ಒಂದೇ ನಿಮಿಷದಲ್ಲಿ ಸಿಗುತ್ತವೆ. ಆದರೆ ಛಾಯಾಗ್ರಹಣದ ಇತಿಹಾಸದಲ್ಲಿ ಅವು ಒಟ್ಟಿಗೆ ಸಿಗಲಿಲ್ಲ. ಗಿಡ ಮೊದಲು ಸಿಕ್ಕಿತು, ನೀರು ಆಮೇಲೆ ಬಂತು, ಆಕಾಶ ಬಹಳ ಕಾಲ ಸತಾಯಿಸಿತು, ಹಕ್ಕಿ ಎಲ್ಲರಿಗಿಂತ ಕೊನೆಗೆ ಒಲಿಯಿತು. ಪ್ರತಿಯೊಂದಕ್ಕೂ ಅದರದೇ ಅಡ್ಡಿಯಿತ್ತು. ಆ ಅಡ್ಡಿಯೊಂದಿಗೆ ಗುದ್ದಾಡಿದವರು ಗಿಡವನ್ನು, ಮೋಡವನ್ನು, ಹಕ್ಕಿಯನ್ನು ಅದುವರೆಗೆ ಯಾರೂ ನೋಡದಷ್ಟು ಹತ್ತಿರದಿಂದ ನೋಡಬೇಕಾಯಿತು. ನಿಸರ್ಗ ಛಾಯಾಗ್ರಹಣದ ಚೆಲುವು ಹುಟ್ಟಿದ್ದು ಆ ಗುದ್ದಾಟದಲ್ಲಿ.

ಕ್ಯಾಮೆರಾ ಇಲ್ಲದೆ ಮೂಡಿದ ಗಿಡ

ಗಿಡಕ್ಕೆ ಮೊದಲ ಸ್ಥಾನ ಸಿಕ್ಕಿದ್ದಕ್ಕೆ ಕಾರಣ ಸರಳ. ಅದು ಅಲ್ಲಾಡದೆ ಇರುತ್ತದೆ, ಮನೆಯೊಳಕ್ಕೆ ತರಬಹುದು, ಕಾಗದದ ಮೇಲೆ ಮಲಗಿಸಬಹುದು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಆನಾ ಆಟ್ಕಿನ್ಸ್ ಮಾಡಿದ್ದು ಅದನ್ನೇ. ವಿಜ್ಞಾನಿ ತಂದೆಯ ಮನೆಯಲ್ಲಿ ಬೆಳೆದ ಆಕೆಗೆ ಸಸ್ಯಶಾಸ್ತ್ರ ಚೆನ್ನಾಗಿ ಗೊತ್ತಿತ್ತು. ಕುಟುಂಬದ ಸ್ನೇಹಿತ ಜಾನ್ ಹರ್ಷೆಲ್ 1842ರಲ್ಲಿ ಸಯನೋಟೈಪ್ ಎಂಬ ಹೊಸ ವಿಧಾನ ಕಂಡುಹಿಡಿದಿದ್ದ. ಆಕೆ ತಡಮಾಡದೆ ಅದನ್ನು ಕೈಗೆತ್ತಿಕೊಂಡಳು.

ಕಬ್ಬಿಣದ ಲವಣಗಳ ದ್ರಾವಣವನ್ನು ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಬೇಕು. ಅದರ ಮೇಲೆ ಕಡಲಪಾಚಿಯ ಎಳೆಯನ್ನು ಹರಡಿ, ಗಾಜು ಹೇರಿ, ಬಿಸಿಲಿಗಿಡಬೇಕು. ಬಿಸಿಲು ಬಿದ್ದ ಕಡೆ ಕಾಗದದ ಬಣ್ಣ ತಿರುಗುತ್ತದೆ, ಪಾಚಿ ಮುಚ್ಚಿದ ಕಡೆ ಹಾಗೇ ಉಳಿಯುತ್ತದೆ. ಆಮೇಲೆ ಬರೀ ನೀರಿನಲ್ಲಿ ಜಾಲಾಡಿದರೆ ಸಾಕು, ಗಾಢ ನೀಲಿಯ ನಡುವೆ ಬಿಳಿಯ ಪಾಚಿ ಎದ್ದು ನಿಲ್ಲುತ್ತದೆ. ಕ್ಯಾಮೆರಾ ಬೇಡ, ಮಸೂರ ಬೇಡ. ಪಾಚಿ ತೆಳುವಾಗಿರುವ ಕಡೆ ಬೆಳಕು ಸ್ವಲ್ಪ ತೂರಿ ಒಳಗಿನ ನರಗಳೂ ಮೂಡುತ್ತವೆ. ಮುಂದೆ ಎಂಜಿನಿಯರುಗಳ ಬ್ಲೂಪ್ರಿಂಟ್ ಬಂದದ್ದು ಇದೇ ವಿಧಾನದಿಂದ.

1843ರ ಅಕ್ಟೋಬರಿನಲ್ಲಿ ಆಟ್ಕಿನ್ಸ್ ಬ್ರಿಟಿಷ್ ಕಡಲಪಾಚಿಗಳ ಪುಸ್ತಕದ ಮೊದಲ ಕಂತು ಹೊರತಂದಳು. ಛಾಯಾಚಿತ್ರಗಳಿರುವ ಜಗತ್ತಿನ ಮೊದಲ ಪುಸ್ತಕ ಅದೆಂದು ಇತಿಹಾಸಕಾರರು ಗುರುತಿಸುತ್ತಾರೆ. ಮುಂದಿನ ಹತ್ತು ವರ್ಷ ಕಂತು ಕಂತಾಗಿ ಅದು ಬರುತ್ತಲೇ ಹೋಯಿತು. ಒಂದೊಂದು ಪ್ರತಿಯ ಒಂದೊಂದು ಹಾಳೆಯೂ ಬಿಸಿಲಿನಲ್ಲಿ ಬೇರೆಯಾಗಿಯೇ ತಯಾರಾಗಬೇಕು. ಅಕ್ಷರಗಳನ್ನೂ ಆಕೆ ಕೈಯಲ್ಲಿ ಬರೆದು ಅದೇ ನೀಲಿಯಲ್ಲಿ ಮೂಡಿಸಿದಳು. ಉದ್ದೇಶ ಶುದ್ಧ ವಿಜ್ಞಾನ, ಪಾಚಿಗಳನ್ನು ಗುರುತಿಸಲು ನೆರವಾಗುವುದು. ಆದರೂ ಯಾವ ಎಳೆಯನ್ನು ಪುಟದ ಎಲ್ಲಿ ಮಲಗಿಸಬೇಕು, ಎಷ್ಟು ಜಾಗ ಖಾಲಿ ಬಿಡಬೇಕು ಎಂಬುದರಲ್ಲಿ ಆಕೆಯ ಕಲಾವಿದೆಯ ಕಣ್ಣು ಪ್ರತಿ ಹಾಳೆಯಲ್ಲೂ ಕಾಣುತ್ತದೆ.

ಹೂವಿನ ಬಣ್ಣ ಸಿಗಲು ಮಾತ್ರ 1907ರವರೆಗೆ ಕಾಯಬೇಕಾಯಿತು. ಆ ವರ್ಷ ಫ್ರಾನ್ಸಿನ ಲೂಮಿಯೇರ್ ಸಹೋದರರು ಆಟೋಕ್ರೋಮ್ ಗಾಜುಗಳನ್ನು ಮಾರುಕಟ್ಟೆಗೆ ತಂದರು. ಆಲೂಗೆಡ್ಡೆಯ ಪಿಷ್ಟದ ಸೂಕ್ಷ್ಮ ಕಣಗಳಿಗೆ ಕಿತ್ತಳೆಗೆಂಪು, ಹಸಿರು, ನೇರಳೆ ಬಣ್ಣ ಹಾಕಿ ಗಾಜಿನ ಮೇಲೆ ಹರಡಿದ ತಂತ್ರ ಅದು. ಒಳ್ಳೆ ಬಿಸಿಲಿನಲ್ಲೂ ಸೆಕೆಂಡುಗಟ್ಟಲೆ ಎಕ್ಸ್‌ಪೋಷರ್ ಬೇಕಿತ್ತು. ಹಾಗಾಗಿ ಅದರ ಅಚ್ಚುಮೆಚ್ಚಿನ ವಿಷಯವೂ ಉದ್ಯಾನ ಮತ್ತು ಹೂವೇ ಆಯಿತು.

ಹಾಗೆಂದು ಬಣ್ಣವಿಲ್ಲದ ಹೂವು ಸೋತಿತೇ? ಇಲ್ಲ. ಬರ್ಲಿನ್ನಿನ ಕಲಾಶಿಕ್ಷಕ ಕಾರ್ಲ್ ಬ್ಲಾಸ್‌ಫೆಲ್ಟ್ ವಿದ್ಯಾರ್ಥಿಗಳಿಗೆ ಗಿಡದ ಆಕಾರಗಳನ್ನು ಕಲಿಸಲೆಂದು ತಾನೇ ಕಟ್ಟಿಕೊಂಡ ಕ್ಯಾಮೆರಾದಲ್ಲಿ ಮೂರು ದಶಕ ಕಾಡುಗಿಡಗಳ ಚಿತ್ರ ತೆಗೆದ. ಮೊಗ್ಗು, ಕಾಂಡ, ಬೀಜಕೋಶಗಳನ್ನು ಕೆಲವೊಮ್ಮೆ 30 ಪಟ್ಟು ಹಿಗ್ಗಿಸಿದ. 1928ರಲ್ಲಿ, ಅವನಿಗೆ ಅರವತ್ತು ದಾಟಿದ ಮೇಲೆ, ಆ ಚಿತ್ರಗಳು ಪುಸ್ತಕವಾದಾಗ ಸುರುಳಿಗೊಂಡ ಜರೀಗಿಡದ ಚಿಗುರಿನಲ್ಲಿ ಜನ ಕಬ್ಬಿಣದ ಜಾಲರಿಯ ಕುಸುರಿಯನ್ನು ಕಂಡು ಬೆರಗಾದರು. ಅತ್ತ ಕ್ಯಾಲಿಫೋರ್ನಿಯಾದಲ್ಲಿ ಇಮೋಜೆನ್ ಕನಿಂಗ್‌ಹ್ಯಾಮ್ ಮೂರು ಗಂಡುಮಕ್ಕಳನ್ನು ಸಾಕುತ್ತ ಮನೆ ಬಿಟ್ಟು ಹೊರಡಲಾಗದ ವರ್ಷಗಳಲ್ಲಿ ಹಿತ್ತಿಲಿನ ಹೂಗಳ ಕಡೆಗೆ ಕ್ಯಾಮೆರಾ ತಿರುಗಿಸಿದಳು. 1925ರ ಸುಮಾರಿಗೆ ತೆಗೆದ ಅವಳ ಮ್ಯಾಗ್ನೋಲಿಯ ಹೂವಿನ ಚಿತ್ರದಲ್ಲಿ ಎಸಳುಗಳೇ ಇಡೀ ಚೌಕಟ್ಟನ್ನು ತುಂಬಿವೆ. ಇಂದು ಮ್ಯಾಕ್ರೊ ಲೆನ್ಸ್ ಹಿಡಿದು ಹೂವಿನೊಳಕ್ಕೆ ಇಣುಕುವ ಎಲ್ಲರೂ ನಡೆಯುವ ದಾರಿಯನ್ನು ಮೊದಲು ತುಳಿದವರು ಇವರಿಬ್ಬರು.

ಎರಡು ಗಾಜು, ಒಂದು ದಿಗಂತ

ಆಕಾಶದ ಕಥೆಗೆ ಮರಳಿದರೆ ಹಂಪಿಗೂ ಫ್ರಾನ್ಸಿಗೂ ನೇರ ನಂಟು ಸಿಗುತ್ತದೆ. ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಮೊದಲೇ ತಯಾರಿಸಿ ದಿನಗಟ್ಟಲೆ ಇಟ್ಟುಕೊಳ್ಳಬಹುದಾಗಿದ್ದರಿಂದ ಎತ್ತಿನ ಗಾಡಿಯ ಪ್ರಯಾಣಕ್ಕೆ, ಇಲ್ಲಿನ ಸೆಕೆಗೆ ಅದು ಹೇಳಿಮಾಡಿಸಿದಂತಿತ್ತು. ಆ ವಿಧಾನವನ್ನು 1851ರಲ್ಲಿ ಪ್ರಕಟಿಸಿದಾತ ಪ್ಯಾರಿಸ್ಸಿನ ಗುಸ್ತಾವ್ ಲೆ ಗ್ರೇ. 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಲ್ಲಿ ಚಿತ್ರ ತೆಗೆದ ಲಿನಿಯಸ್ ಟ್ರೈಪ್ ಕೂಡ ಕಾಗದದ ನೆಗೆಟಿವ್‌ಗಳನ್ನೇ ನೆಚ್ಚಿದವನು. ಮರುವರ್ಷ ಬರ್ಮಾಕ್ಕೆ ಹೋದ ಟ್ರೈಪ್‌ಗೆ ಖಾಲಿ ಆಕಾಶ ಸಹಿಸಲಾಗಲಿಲ್ಲ. ಕುಂಚ ಹಿಡಿದು ನೆಗೆಟಿವ್‌ಗಳ ಮೇಲೆ ತಾನೇ ಮೋಡಗಳನ್ನು ಬರೆದ.

ಲೆ ಗ್ರೇ ಆ ಹೊತ್ತಿಗೆ ಇನ್ನೊಂದು ದಾರಿ ಹುಡುಕುತ್ತಿದ್ದ. ಕಾಗದ ಬಿಟ್ಟು ಕೊಲೋಡಿಯನ್ ಬಳಿದ ಗಾಜಿಗೆ ಬಂದಿದ್ದ. ಆ ಗಾಜಿಗೆ ಹಸಿಯಿರುವಾಗಲೇ ಬೆಳಕು ತೋರಿಸಬೇಕು, ಹಸಿಯಿರುವಾಗಲೇ ತೊಳೆಯಬೇಕು. 1856ರಿಂದ 1858ರ ನಡುವೆ ನಾರ್ಮಂಡಿಯ ದಂಡೆಯಲ್ಲೂ ಮೆಡಿಟರೇನಿಯನ್ ಬದಿಯ ಸೆಟ್ ಊರಿನಲ್ಲೂ ಅವನು ಕಡಲಿನ ಚಿತ್ರಗಳನ್ನು ತೆಗೆದ. ಬಯಲು ಕಡಲಿನ ಬೆಳಕು ಬಲವಾಗಿದ್ದುದರಿಂದ ಎಕ್ಸ್‌ಪೋಷರ್ ಕಡಿಮೆ ಸಾಕಾಯಿತು, ಒಡೆಯುವ ಅಲೆ ಒಡೆಯುತ್ತಿರುವಂತೆಯೇ ನಿಂತಿತು. ಮೋಡದ ಸಮಸ್ಯೆ ಮಾತ್ರ ಹಾಗೇ ಇತ್ತು.

ಅವನು ಕಂಡುಕೊಂಡ ಉಪಾಯ ಎರಡು ನೆಗೆಟಿವ್. ಒಂದು ಗಾಜು ನೀರಿಗೆ, ಇನ್ನೊಂದು ಆಕಾಶಕ್ಕೆ. ಪ್ರಿಂಟ್ ಹಾಕುವಾಗ ಕಾಗದದ ಮೇಲರ್ಧ ಮುಚ್ಚಿ ಕಡಲನ್ನು ಮೂಡಿಸುವುದು, ಆಮೇಲೆ ಕೆಳಗರ್ಧ ಮುಚ್ಚಿ ಮೋಡವನ್ನು ಮೂಡಿಸುವುದು. ಎರಡರ ಅಂಚೂ ದಿಗಂತದಲ್ಲಿ ಕೂಡಬೇಕು. ಕೂದಲೆಳೆಯಷ್ಟು ತಪ್ಪಿದರೂ ಕಪ್ಪು ಗೆರೆಯೋ ಬಿಳಿ ಸಂದೋ ಮೂಡಿ ಗುಟ್ಟು ಬಯಲಾಗುತ್ತಿತ್ತು. 1857ರಲ್ಲಿ ಸೆಟ್‌ನಲ್ಲಿ ತೆಗೆದ ಮಹಾ ಅಲೆಯ ಚಿತ್ರ ಹೀಗೆ ತಯಾರಾದದ್ದು. ಒಂದೇ ಮೋಡದ ಗಾಜನ್ನು ಬೇರೆ ಬೇರೆ ಕಡಲುಗಳ ಮೇಲೆ ಬಳಸಿದ್ದೂ ಉಂಟು. ಪ್ಯಾರಿಸ್, ಲಂಡನ್ನುಗಳ ಜನ ಮುಗಿಬಿದ್ದು ಈ ಚಿತ್ರಗಳನ್ನು ನೋಡಿದರು. ನೀರು, ಬೆಳಕು, ಮೋಡ ಒಟ್ಟಿಗೆ ಇರುವ ಛಾಯಾಚಿತ್ರವನ್ನು ಅವರು ಅದುವರೆಗೆ ಕಂಡಿರಲಿಲ್ಲ.

ಉಪಾಯ ಹಬ್ಬಿತು. ತಾವೇ ಮೋಡ ಹಿಡಿಯಲಾಗದವರಿಗೆಂದು ಸಿದ್ಧ ಮೋಡದ ನೆಗೆಟಿವ್‌ಗಳು ಅಂಗಡಿಗೂ ಬಂದವು. ನಿಜವಾದ ಪರಿಹಾರ ಬಂದದ್ದು ಪ್ರಯೋಗಶಾಲೆಯಿಂದ. 1873ರಲ್ಲಿ ಬರ್ಲಿನ್ನಿನ ಹರ್ಮನ್ ವೋಗೆಲ್, ಬೆಳ್ಳಿ ಲವಣಕ್ಕೆ ತಕ್ಕ ಬಣ್ಣದ್ರವ್ಯ ಬೆರೆಸಿದರೆ ಅದು ಹಸಿರಿಗೂ ಸ್ಪಂದಿಸುತ್ತದೆಂದು ತೋರಿಸಿದ. ಮಸೂರದ ಮುಂದೆ ಹಳದಿ ಗಾಜು ಹಿಡಿದರೆ ನೀಲಿಯ ಅಬ್ಬರ ಇಳಿದು ಮೋಡ ಎದ್ದು ಕಾಣುತ್ತದೆಂಬುದೂ ಗೊತ್ತಾಯಿತು. 1896ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮೋಡಗಳ ಅಟ್ಲಾಸಿನಲ್ಲಿ ಛಾಯಾಚಿತ್ರಗಳೇ ಮಾದರಿಯಾದವು. ಯಾವ ಮೋಡವನ್ನು ಏನೆಂದು ಕರೆಯಬೇಕು ಎಂಬುದನ್ನು ಹವಾಮಾನ ವಿಜ್ಞಾನಿಗಳು ಅವನ್ನು ನೋಡಿ ತೀರ್ಮಾನಿಸತೊಡಗಿದರು.

ಜಲಪಾತ ಹೊತ್ತ ಹೇಸರಗತ್ತೆಗಳು

ನೀರಿನ ವಿಚಾರದಲ್ಲಿ ಅಡ್ಡಿಯೇ ಅಂದವಾದ ಕಥೆಯಿದೆ. 1861ರಲ್ಲಿ ಛಾಯಾಗ್ರಾಹಕ ಕಾರ್ಲ್ಟನ್ ವಾಟ್ಕಿನ್ಸ್ ಸುಮಾರು ಒಂದು ಡಜನ್ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಗೆ ಇಳಿದ. ಆಗ ಚಿತ್ರವನ್ನು ಹಿಗ್ಗಿಸುವ ಸುಲಭ ವಿಧಾನವಿರಲಿಲ್ಲ. ದೊಡ್ಡ ಚಿತ್ರ ಬೇಕೆಂದರೆ ಅಷ್ಟೇ ದೊಡ್ಡ ಗಾಜು ಬೇಕು. ಅವನ ಗಾಜುಗಳ ಅಳತೆ 18 ಇಂಚು ಅಗಲ, 22 ಇಂಚು ಉದ್ದ. ಪ್ರತಿಯೊಂದಕ್ಕೂ ಸ್ಥಳದಲ್ಲೇ ಕತ್ತಲೆ ಡೇರೆಯಲ್ಲಿ ರಾಸಾಯನಿಕ ಬಳಿದು, ಒಣಗುವ ಮೊದಲೇ ಕೆಲಸ ಮುಗಿಸಬೇಕಿತ್ತು.

ಎಕ್ಸ್‌ಪೋಷರ್ ದೀರ್ಘವಾದ್ದರಿಂದ ಧುಮುಕುವ ನೀರಿನ ಹನಿಹನಿ ಹಿಡಿಯುವುದು ಆಗದ ಮಾತು. ಜಲಪಾತ ಬಂಡೆಯ ಮೇಲೆ ಇಳಿಬಿಟ್ಟ ಬಿಳಿ ಬಟ್ಟೆಯಾಯಿತು. ಸರೋವರದ ಸಣ್ಣ ಅಲೆಗಳೆಲ್ಲ ಒಂದರ ಮೇಲೊಂದು ಬಿದ್ದು ಅಳಿಸಿಹೋಗಿ ನೀರು ಕನ್ನಡಿಯಾಯಿತು, ಅದರಲ್ಲಿ ಬೆಟ್ಟ ತಲೆಕೆಳಗಾಗಿ ನಿಂತಿತು. ಇಂದು ಜೋಗದಲ್ಲೋ ಅಬ್ಬಿಯಲ್ಲೋ ಟ್ರೈಪಾಡ್ ನಿಲ್ಲಿಸಿ, ಮಸೂರಕ್ಕೆ ಕಪ್ಪು ಫಿಲ್ಟರ್ ಹಾಕಿ, ಬೇಕೆಂದೇ ನೀರನ್ನು ರೇಷ್ಮೆ ಮಾಡುವವರು ಬಯಸುವುದು ವಾಟ್ಕಿನ್ಸ್‌ಗೆ ಬೇಡವೆಂದರೂ ತಪ್ಪದಿದ್ದ ಆ ರೂಪವನ್ನೇ.

ಆ ಚಿತ್ರಗಳು ರಾಜಕಾರಣಿಗಳ ಕೈಗೂ ತಲುಪಿದವು. ಯೊಸೆಮಿಟಿಯನ್ನು ಕಾಪಾಡುವ ಮಸೂದೆ ಮಂಡಿಸಿದ ಸೆನೆಟರ್ ಜಾನ್ ಕಾನೆಸ್ ಬಳಿ ವಾಟ್ಕಿನ್ಸ್‌ನ ಪ್ರಿಂಟ್‌ಗಳಿದ್ದವು. ಆ ಕಣಿವೆಗೆ ಎಂದೂ ಕಾಲಿಡದ ಅಬ್ರಹಾಂ ಲಿಂಕನ್, ಅಂತರ್ಯುದ್ಧದ ನಡುವೆಯೇ, 1864ರ ಜೂನ್ 30ರಂದು ಆ ಮಸೂದೆಗೆ ಸಹಿ ಹಾಕಿದ. ವಿಲಿಯಂ ಹೆನ್ರಿ ಜ್ಯಾಕ್ಸನ್ 1871ರಲ್ಲಿ ತೆಗೆದ ಯೆಲ್ಲೊಸ್ಟೋನಿನ ಬಿಸಿನೀರ ಬುಗ್ಗೆಗಳ ಚಿತ್ರಗಳೂ ಹಾಗೆಯೇ ಅಮೆರಿಕದ ಸಂಸತ್ತಿಗೆ ಹೋದವು. ಮರುವರ್ಷವೇ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು.

ಕೊನೆಯ ಎರಡು ಗಾಜು

ಫಿಲ್ಮ್ ಸುಧಾರಿಸಿದ ಮೇಲೆ ಆಕಾಶ ತಾನೇ ತಾನಾಗಿ ವಿಷಯವಾಯಿತು. ನ್ಯೂಯಾರ್ಕಿನ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ವ್ಯಕ್ತಿಚಿತ್ರಗಳಿಗೆ ಹೆಸರಾದವನು. ಎದುರು ಕೂತವರ ಮೇಲೆ ಅವನಿಗಿರುವ ಪ್ರಭಾವವೇ ಆ ಚಿತ್ರಗಳ ಬಲ ಎಂಬ ಮಾತು ಕಿವಿಗೆ ಬಿದ್ದಾಗ ಅವನು ಯಾರ ಪ್ರಭಾವಕ್ಕೂ ಸಿಗದ, ಎಲ್ಲರಿಗೂ ಪುಕ್ಕಟೆ ಸಿಗುವ ಮೋಡಗಳನ್ನು ಆರಿಸಿಕೊಂಡ. 1922ರ ಬೇಸಿಗೆಯಲ್ಲಿ ಲೇಕ್ ಜಾರ್ಜ್ ಬಳಿಯ ಮನೆಯಲ್ಲಿ ಶುರುವಾದ ಈ ಕೆಲಸ ಹನ್ನೆರಡು ವರ್ಷಗಳಷ್ಟು ನಡೆದು 200ಕ್ಕೂ ಹೆಚ್ಚು ಚಿತ್ರಗಳಾದವು. ಹಲವು ಚಿತ್ರಗಳಲ್ಲಿ ನೆಲವೇ ಇಲ್ಲ. ಯಾವ ಕಡೆ ಮೇಲು, ಯಾವ ಕಡೆ ಕೆಳಗು ಎಂಬುದೂ ತಿಳಿಯುವುದಿಲ್ಲ. ಮನಸ್ಸಿನ ಒಂದು ಸ್ಥಿತಿಗೆ ಸಮನಾದ ಚಿತ್ರ ಎಂಬ ಅರ್ಥದಲ್ಲಿ ಅವನ್ನು ‘ಈಕ್ವಿವಲೆಂಟ್ಸ್’ ಎಂದು ಕರೆದ.

1927ರ ಏಪ್ರಿಲ್ 10ರಂದು ಯೊಸೆಮಿಟಿಯಲ್ಲಿದ್ದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್‌ಗೆ ಆಗ 25 ವರ್ಷ. ಹಿಮ ಉಳಿದಿದ್ದ ಕಡಿದಾದ ದಾರಿ ಹತ್ತಿ, ಹಾಫ್ ಡೋಮ್ ಬಂಡೆಯ ಎದುರಿನ ಚಾಚುಗಲ್ಲಿಗೆ ತಲುಪುವ ಹೊತ್ತಿಗೆ ಬೆನ್ನಿನ ಚೀಲದಲ್ಲಿ ಬಳಸದೆ ಉಳಿದಿದ್ದದ್ದು ಎರಡೇ ಗಾಜು. ಬಂಡೆಯ ಮುಖ ಇನ್ನೂ ನೆರಳಿನಲ್ಲಿತ್ತು. ಬಿಸಿಲು ಅದರ ಮೇಲೆ ಜಾರಿ ಬರುವವರೆಗೆ ಕಾದ. ಮೊದಲ ಗಾಜಿಗೆ ವಾಡಿಕೆಯಂತೆ ಹಳದಿ ಫಿಲ್ಟರ್ ಹಾಕಿ ಚಿತ್ರ ತೆಗೆದ. ಮುಚ್ಚಿದ ಕ್ಷಣವೇ ಅವನಿಗೆ ಹೊಳೆಯಿತು, ಇದರಲ್ಲಿ ಆಕಾಶ ತೆಳು ಬೂದಿಬಣ್ಣ ಬರುತ್ತದೆ, ಬಂಡೆ ತನ್ನ ಎದೆಯಲ್ಲಿ ಎಬ್ಬಿಸಿದ ಗಾಂಭೀರ್ಯ ಬರುವುದಿಲ್ಲ. ಉಳಿದ ಒಂದೇ ಗಾಜಿಗೆ ಗಾಢ ಕೆಂಪು ಫಿಲ್ಟರ್ ಹಾಕಿದ. ಕೆಂಪು ಗಾಜು ನೀಲಿಯನ್ನು ಪೂರ್ತಿ ತಡೆಯುತ್ತದೆ, ಅದಕ್ಕೆ ತಕ್ಕಂತೆ ಎಕ್ಸ್‌ಪೋಷರ್ ಎಷ್ಟೋ ಪಟ್ಟು ಹೆಚ್ಚಬೇಕು. ಪ್ರಿಂಟಿನಲ್ಲಿ ಆಕಾಶ ಹೆಚ್ಚುಕಡಿಮೆ ಕಪ್ಪಾಗಿ, ಬಂಡೆ ಬೆಳಕಿನಲ್ಲಿ ಎದ್ದು ಬಂತು. ಶಟರ್ ಒತ್ತುವ ಮೊದಲೇ ಮುಗಿದ ಪ್ರಿಂಟನ್ನು ಮನಸ್ಸಿನಲ್ಲಿ ಕಾಣುವ ಅಭ್ಯಾಸಕ್ಕೆ ಆ ದಿನವೇ ನಾಂದಿ ಎಂದು ಆಡಮ್ಸ್ ಕೊನೆಯವರೆಗೂ ನಂಬಿದ್ದ. ಬಿಳಿಯಾಗಿ ಸುಟ್ಟುಹೋಗುತ್ತಿದ್ದ ಆಕಾಶವನ್ನು ಬೇಕೆಂದ ಹಾಗೆ ಕಪ್ಪು ಮಾಡುವಷ್ಟು ಹಿಡಿತ ಬರಲು ಲೆ ಗ್ರೇಯಿಂದ ಎಪ್ಪತ್ತು ವರ್ಷ ಬೇಕಾಯಿತು.

ಎತ್ತಿನ ಹೊಟ್ಟೆಯೊಳಗೆ

ಹಕ್ಕಿ ಹಾರುತ್ತದೆ, ಹೆದರುತ್ತದೆ, ಯಾರ ಮಾತೂ ಕೇಳುವುದಿಲ್ಲ. ಅದಕ್ಕೆ ಬೇಕಾಗಿದ್ದದ್ದು ವೇಗದ ಗಾಜು ಮತ್ತು ಅಡಗುವ ಬುದ್ಧಿ. ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ಸ್ ಮಾರೆ 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿದ. ಹೆಗಲಿಗಿಟ್ಟು ಗುರಿ ಹಿಡಿದು ಕುದುರೆ ಎಳೆದರೆ ಒಂದು ಸೆಕೆಂಡಿಗೆ 12 ಚಿತ್ರ. ಹಾರುವ ಹಕ್ಕಿಯ ರೆಕ್ಕೆ ಯಾವ ಕ್ಷಣದಲ್ಲಿ ಹೇಗೆ ಮಡಿಯುತ್ತದೆ ಎಂಬುದು ಮೊದಲ ಸಲ ಕಣ್ಣಿಗೆ ಕಂಡಿತು. ಹಕ್ಕಿಯ ಬದುಕು ಕಾಣಲು ಇನ್ನೂ ಹತ್ತು ವರ್ಷ ಬೇಕಿತ್ತು.

ಯಾರ್ಕ್‌ಷೈರಿನ ಹಳ್ಳಿಗಾಡಿನಿಂದ ಲಂಡನ್ನಿಗೆ ಬಂದ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಸಹೋದರರು 1892ರಲ್ಲಿ ಮೊಟ್ಟೆಗಳಿದ್ದ ಥ್ರಷ್ ಹಕ್ಕಿಯ ಗೂಡಿನ ಚಿತ್ರ ತೆಗೆದರು. ಮೂರು ವರ್ಷಗಳ ಬಳಿಕ ಬ್ರಿಟಿಷ್ ಹಕ್ಕಿಗಳ ಗೂಡುಗಳ ಬಗ್ಗೆ ಅವರ ಪುಸ್ತಕ ಬಂತು, ಪೂರ್ತಿ ಛಾಯಾಚಿತ್ರಗಳ ಸಮೇತ. ಹುಲ್ಲುಗಾವಲಿನ ಹಕ್ಕಿಗಳು ಮನುಷ್ಯನನ್ನು ಕಂಡರೆ ಹಾರುತ್ತವೆ, ದನವನ್ನು ಕಂಡರೆ ಹಾರುವುದಿಲ್ಲ ಎಂಬುದನ್ನು ಗಮನಿಸಿದ ಅಣ್ಣತಮ್ಮಂದಿರು ಎತ್ತಿನ ಚರ್ಮವನ್ನು ಮರದ ಚೌಕಟ್ಟಿಗೆ ಬಿಗಿಸಿ ಟೊಳ್ಳು ಎತ್ತೊಂದನ್ನು ಮಾಡಿಸಿದರು. ಒಬ್ಬ ಅದರ ಹೊಟ್ಟೆಯೊಳಗೆ ಬಾಗಿ ಕೂರುವುದು, ಚರ್ಮದಲ್ಲಿ ಕೊರೆದ ತೂತಿನಿಂದ ಮಸೂರ ಇಣುಕುವುದು. ಹೀಗೆಯೇ ಕುರಿಯೂ ಇತ್ತು, ಪೊಳ್ಳು ಮರದ ಬೊಡ್ಡೆಯೂ ಇತ್ತು. ಇಂದು ಛಾಯಾಗ್ರಾಹಕರು ‘ಹೈಡ್’ ಎನ್ನುವ ಮರೆಯ ಹಿರಿಯಜ್ಜ ಆ ಎತ್ತು.

ಹೀಗೆ ಗಂಟೆಗಟ್ಟಲೆ ಕೂತವರಿಗೆ ಚಿತ್ರದ ಜೊತೆಗೆ ಹಕ್ಕಿಯ ದಿನಚರಿಯೂ ಸಿಕ್ಕಿತು. ಎಮ್ಮಾ ಟರ್ನರ್ ಇಂಗ್ಲೆಂಡಿನ ನಾರ್ಫೋಕ್ ಜೌಗಿನಲ್ಲಿ ವರ್ಷಗಟ್ಟಲೆ ಹಕ್ಕಿಗಳ ನಡುವೆ ಕಳೆದಾಕೆ. ಜೊಂಡಿನಲ್ಲಿ ಅಡಗುವ ಬಿಟರ್ನ್ ಎಂಬ ಬಕದ ಜಾತಿಯ ಹಕ್ಕಿ ಬ್ರಿಟನ್ನಿನಲ್ಲಿ ಮರಿಮಾಡುವುದನ್ನು ನಿಲ್ಲಿಸಿ ಸುಮಾರು ಕಾಲು ಶತಮಾನವಾಗಿತ್ತು. 1911ರಲ್ಲಿ ಆಕೆ ಅದರ ಮರಿಯೊಂದರ ಚಿತ್ರ ತೆಗೆದಳು. ಹಕ್ಕಿ ಮರಳಿ ಬಂದಿದೆ ಎಂಬುದಕ್ಕೆ ಅದೇ ಸಾಕ್ಷಿಯಾಯಿತು. ಬೆಲೆ ತೆತ್ತವರೂ ಇದ್ದಾರೆ. 1937ರಲ್ಲಿ ರಾತ್ರಿ ಮರೆಯ ಕಡೆ ಹತ್ತುತ್ತಿದ್ದ ಬ್ರಿಟನ್ನಿನ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ ಮೇಲೆ ಗೂಬೆಯೊಂದು ಎರಗಿತು. ಎಡಗಣ್ಣು ಹೋಯಿತು. ಒಂದೇ ಕಣ್ಣಿನಲ್ಲಿ ಅವನು ಮತ್ತೆ ಹಲವು ದಶಕ ಹಕ್ಕಿಗಳ ಚಿತ್ರ ತೆಗೆದ, ಗೂಬೆಗಳನ್ನೂ ಬಿಡಲಿಲ್ಲ.

ಕಾವೇರಿಯ ನಡುಗಡ್ಡೆಗಳಿಂದ ಮೂಡಿಗೆರೆಯವರೆಗೆ

ಭಾರತದಲ್ಲಿ ಕಾಡುಪ್ರಾಣಿಯ ಎದುರು ಬಂದೂಕಿನ ಬದಲು ಕ್ಯಾಮೆರಾ ಹಿಡಿದವರಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಮೊದಲಿಗ. ಹುಲಿ ತಾನೇ ತಂತಿ ಎಡವಿ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದ ಅವನ ಪುಸ್ತಕ 1927ರಲ್ಲಿ ಬಂತು. ಮೈಸೂರು ಸಂಸ್ಥಾನದಲ್ಲಿ ಹಕ್ಕಿಗಳಿಗೆ ನೆಲೆ ಸಿಕ್ಕಿದ್ದು 1940ರಲ್ಲಿ. ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿ ಅವರ ಮಾತಿಗೆ ಒಪ್ಪಿ ಮಹಾರಾಜರು ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿದರು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳು ಅವು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕಿನ ಬಿಳಿ ಹಕ್ಕಿ ಎಲ್ಲವೂ ದೋಣಿಯಿಂದ ಕೆಲವೇ ಮಾರು ದೂರದಲ್ಲಿ ಗೂಡು ಕಟ್ಟುತ್ತವೆ. ಕೀರ್ಟನ್ ಸಹೋದರರಿಗೆ ಎತ್ತಿನ ಚರ್ಮ ಕೊಟ್ಟ ಸಲಿಗೆಯನ್ನು ಇಲ್ಲಿ ದೋಣಿಯೇ ಕೊಟ್ಟಿತು. ದಿನವೂ ಬಂದುಹೋಗುವ ದೋಣಿಗೆ ಹಕ್ಕಿಗಳು ಒಗ್ಗಿಕೊಂಡಿದ್ದವು.

ಸ್ವಾತಂತ್ರ್ಯಾನಂತರ ಬೆಂಗಳೂರು ದೇಶದ ನಿಸರ್ಗ ಛಾಯಾಗ್ರಹಣದ ದೊಡ್ಡ ಶಾಲೆಯಾಗಿ ಬೆಳೆಯಿತು. ಶಾಲೆಯೆಂದರೆ ಕಟ್ಟಡವಲ್ಲ, ಗುರುವಿನಿಂದ ಶಿಷ್ಯನಿಗೆ ಹರಿದ ಕೆಲಸ. ಒ. ಸಿ. ಎಡ್ವರ್ಡ್ಸ್ ಅವರಿಂದ ಟಿ. ಎನ್. ಎ. ಪೆರುಮಾಳ್ ಕಲಿತರು, ಪೆರುಮಾಳ್ ಅವರಿಂದ ಮುಂದಿನ ಒಂದೆರಡು ತಲೆಮಾರು ಕಲಿಯಿತು. ಇ. ಹನುಮಂತರಾವ್ ಅವರ ಹಕ್ಕಿ, ಪ್ರಾಣಿಗಳ ಚಿತ್ರಗಳು ದೇಶ ವಿದೇಶಗಳ ಪತ್ರಿಕೆಗಳಲ್ಲಿ ಬಂದವು. 1971ರಲ್ಲಿ ಯೂತ್ ಫೋಟೊಗ್ರಫಿಕ್ ಸೊಸೈಟಿ ಶುರುವಾಯಿತು. ಸಂಜೆ ಸದಸ್ಯರು ಸೇರುವುದು, ತಂದ ಪ್ರಿಂಟುಗಳನ್ನು ಹಿರಿಯರು ಒಂದೊಂದಾಗಿ ಎತ್ತಿ ಹಿಡಿದು ತಿದ್ದುವುದು ವಾಡಿಕೆಯಾಯಿತು. ಒಳ್ಳೆಯ ಪ್ರಿಂಟ್ ಅಂಚೆಯಲ್ಲಿ ಊರೂರು, ದೇಶದೇಶಗಳ ಸ್ಯಾಲನ್ ಎಂಬ ಸ್ಪರ್ಧಾ ಪ್ರದರ್ಶನಗಳಿಗೆ ಹೋಗಿ, ಬೆನ್ನಿಗೆ ಒಪ್ಪಿಗೆಯ ಚೀಟಿಗಳನ್ನು ಅಂಟಿಸಿಕೊಂಡು ವಾಪಸಾಗುತ್ತಿತ್ತು.

ಫಿಲ್ಮಿನ ಒಂದು ರೋಲಿಗೆ 36 ಚಿತ್ರ, ಬೆಲೆ ದುಬಾರಿ, ತೊಳೆಯುವವರೆಗೆ ಫಲಿತಾಂಶ ಗೊತ್ತಿಲ್ಲ. ಆದ್ದರಿಂದ ಹಕ್ಕಿ ಮುಂದೆ ಏನು ಮಾಡುತ್ತದೆಂದು ಮೊದಲೇ ತಿಳಿದಿರುವುದೇ ಆ ತಲೆಮಾರಿನ ಮುಖ್ಯ ವಿದ್ಯೆಯಾಗಿತ್ತು. ಮರೆಯನ್ನು ಮೊದಲ ದಿನ ದೂರದಲ್ಲಿ ನಿಲ್ಲಿಸಿ, ಹಕ್ಕಿ ಒಪ್ಪಿಕೊಂಡ ಮೇಲೆ ದಿನಕ್ಕೆ ಕೆಲವು ಅಡಿಯಂತೆ ಮುಂದೆ ತರುವುದು, ಮರೆಯೊಳಕ್ಕೆ ಇಬ್ಬರು ಹೋಗಿ ಒಬ್ಬ ಹೊರಬಂದು ಹಕ್ಕಿಯನ್ನು ನಂಬಿಸುವುದು, ಇವೆಲ್ಲ ಬಾಯಿಂದ ಬಾಯಿಗೆ ಬಂದ ಪಾಠಗಳು. ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆ 1972ರಿಂದ 1977ರವರೆಗೆ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಅದೇ ಕೈಯಲ್ಲಿ ಕಪ್ಪುಬಿಳುಪಿನ ಅಪೂರ್ವ ಕಾಡುಚಿತ್ರಗಳನ್ನು ತೆಗೆದರು. 1983ರಲ್ಲಿ ‘ಸನ್‌ಲೈಟ್ ಅಂಡ್ ಶಾಡೋಸ್’ ಪ್ರಕಟಿಸಿದರು. ಛಾಯಾಗ್ರಹಣದ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಪಿ ಕೊಡುವ ಮಾಸ್ಟರ್ ಎಂಬ ಅತಿ ದೊಡ್ಡ ಗೌರವ ಪೆರುಮಾಳ್, ಘೋರ್ಪಡೆ ಇಬ್ಬರಿಗೂ ಸಂದಿತು.

ಸ್ಯಾಲನ್‌ಗಳ ಆಚೆ, ಕನ್ನಡದ ಮನೆಮನೆಗೆ ಹಕ್ಕಿಗಳನ್ನು ಕರೆತಂದವರು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯ ಕಾಫಿ ತೋಟದ ಸುತ್ತಮುತ್ತ ಕ್ಯಾಮೆರಾ ಹಿಡಿದು ಅಲೆದ ಅವರ ‘ಮಿಂಚುಳ್ಳಿ’, ‘ಹಕ್ಕಿಪುಕ್ಕ’ ಪುಸ್ತಕಗಳಲ್ಲಿ ಚಿತ್ರ, ಕನ್ನಡದ ಹೆಸರು, ಹಕ್ಕಿಯ ನಡತೆ ಒಟ್ಟಿಗೆ ಬಂದವು. ಕಥೆ ಕಾದಂಬರಿಗೆಂದು ತೇಜಸ್ವಿಯವರನ್ನು ಓದುತ್ತಿದ್ದ ಎಷ್ಟೋ ಜನ ಬೈನಾಕ್ಯುಲರ್ ಕೊಂಡದ್ದು ಆ ಪುಸ್ತಕಗಳನ್ನು ಓದಿದ ಮೇಲೆ. ಮೈಸೂರಿನ ಕೃಪಾಕರ ಮತ್ತು ಸೇನಾನಿ ಸ್ಥಿರಚಿತ್ರಗಳಿಂದ ಶುರುಮಾಡಿ ಬಂಡೀಪುರದ ಸೀಳುನಾಯಿಗಳ ಬೆನ್ನು ಹತ್ತಿ ವರ್ಷಗಟ್ಟಲೆ ಕಳೆದರು. ಅವರ ‘ದಿ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಎಂದೇ ಹೆಸರಾದ ವೈಲ್ಡ್‌ಸ್ಕ್ರೀನ್ ಪ್ರಶಸ್ತಿ ಬಂತು.

ಅಡ್ಡಿಗಳು ಹೋದ ಮೇಲೆ

ಡಿಜಿಟಲ್ ಕ್ಯಾಮೆರಾ ಹಳೆಯ ಅಡ್ಡಿಗಳನ್ನು ಒಂದೊಂದಾಗಿ ತೆಗೆದುಹಾಕಿತು. ಮಬ್ಬುಬೆಳಕಿನಲ್ಲೂ ರೆಕ್ಕೆ ನಿಲ್ಲುತ್ತದೆ, ಹಕ್ಕಿಯ ಕಣ್ಣನ್ನು ಕ್ಯಾಮೆರಾವೇ ಹುಡುಕಿ ಫೋಕಸ್ ಮಾಡುತ್ತದೆ, ಸಾವಿರ ಚಿತ್ರ ತೆಗೆದರೂ ಖರ್ಚಿಲ್ಲ. 2020ರಲ್ಲಿ ಫೋಟೊಶಾಪ್‌ಗೆ ಆಕಾಶ ಬದಲಿಸುವ ಸೌಲಭ್ಯವೇ ಸೇರಿತು. ಲೆ ಗ್ರೇ ಇನ್ನೊಂದು ಗಾಜಿನ ಮೋಡ ತಂದದ್ದು ಕಂಡ ಮೋಡ ಅವನ ಗಾಜಿಗೆ ಬರುತ್ತಿರಲಿಲ್ಲ ಎಂಬ ಕಾರಣಕ್ಕೆ. ಈಗ ಎದುರಿಗಿದ್ದ ಆಕಾಶ ಚೆನ್ನಾಗಿ ಬಂದರೂ ಬೇಡವಾದರೆ ಬೇರೆಯದು ಬರುತ್ತದೆ. ಇಂಥ ತಿದ್ದುಪಡಿಗೆ ತಡೆಯೆಂಬಂತೆ ಅದಕ್ಕೂ ಮೊದಲೇ, 2014ರಲ್ಲಿ, ಎಫ್‌ಐಎಪಿ, ಅಮೆರಿಕದ ಮತ್ತು ಬ್ರಿಟನ್ನಿನ ದೊಡ್ಡ ಛಾಯಾಗ್ರಹಣ ಸಂಸ್ಥೆಗಳು ಸೇರಿ ನಿಸರ್ಗ ವಿಭಾಗಕ್ಕೆ ಒಂದೇ ವ್ಯಾಖ್ಯೆ ಒಪ್ಪಿದವು. ಅಂಚು ಕತ್ತರಿಸಬಹುದು, ಆದರೆ ಚಿತ್ರದೊಳಕ್ಕೆ ಏನನ್ನೂ ಸೇರಿಸುವಂತಿಲ್ಲ, ಇದ್ದದ್ದನ್ನು ತೆಗೆಯುವಂತಿಲ್ಲ.

ಇನ್ನೊಂದು ಬದಲಾವಣೆ ಗೂಡಿನ ವಿಚಾರದಲ್ಲಿ ಆಯಿತು. ಹಕ್ಕಿ ಖಚಿತವಾಗಿ ಮರಳಿ ಬರುವ ಜಾಗ ಗೂಡು. ಹಾಗಾಗಿ ಒಂದು ಶತಮಾನ ಛಾಯಾಗ್ರಾಹಕರೆಲ್ಲ ಅಲ್ಲೇ ಕಾದರು. ಅಡ್ಡ ಬಂದ ಎಲೆಗಳನ್ನು ಸವರಿ ಹಾಕಿದವರೂ ಇದ್ದರು. ಆ ಎಲೆಗಳೇ ಮರಿಗೆ ನೆರಳು, ಕಾಗೆಯಿಂದ ರಕ್ಷಣೆ. ಉದ್ದನೆಯ ಟೆಲಿ ಲೆನ್ಸ್‌ಗಳು ಕೈಗೆಟುಕಿದ ಮೇಲೆ ಗೂಡಿನ ಹತ್ತಿರ ಹೋಗಲೇಬೇಕಾದ ಅಗತ್ಯ ಉಳಿದಿಲ್ಲ. ಈಗ ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನೇ ಒಲ್ಲೆ ಎನ್ನುತ್ತವೆ.

ಈ ಎಚ್ಚರ ಎಷ್ಟು ಅಗತ್ಯ ಎಂಬುದು ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ಬೇಸಿಗೆಯಲ್ಲಿ ಕಾಣುತ್ತದೆ. ನೀರು ಇಳಿದಾಗ ಮೇಲೇಳುವ ಬೋಳು ನಡುಗಡ್ಡೆಗಳಲ್ಲಿ ನದಿ ರೀವಗಳು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ನೀಲಿ ಬಾನು, ಅದನ್ನೇ ತೋರುವ ನೀರು, ಹಳದಿ ಕೊಕ್ಕಿನಲ್ಲಿ ಮೀನು ಹಿಡಿದು ಇಳಿಯುವ ಬೂದು ರೆಕ್ಕೆಯ ಹಕ್ಕಿ ಒಂದೇ ಚೌಕಟ್ಟಿನಲ್ಲಿ ಸಿಗುವ ತಾಣ ಅದು. ಹಾಗಾಗಿ ದೂರದೂರುಗಳಿಂದ ಛಾಯಾಗ್ರಾಹಕರು ಬರುತ್ತಾರೆ. ಅಲ್ಲಿ ಮೊಟ್ಟೆಗೆ ಮರದ ನೆರಳಿಲ್ಲ, ತಾಯಿಹಕ್ಕಿಯ ಮೈಯೇ ನೆರಳು. ಬಿಸಿಲು ಏರಿದಾಗ ಅದು ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ದೋಣಿ ತೀರ ಹತ್ತಿರ ಬಂದು ಹಕ್ಕಿಗಳೆಲ್ಲ ಎದ್ದರೆ, ಅವು ಮತ್ತೆ ಇಳಿಯುವವರೆಗೆ ಮೊಟ್ಟೆಗಳು ಕಾದ ಕಲ್ಲಿನ ನಡುವೆ ಬರಿದೇ ಬಿದ್ದಿರುತ್ತವೆ. ಕೆಲವೇ ನಿಮಿಷ ಸಾಕು, ಒಳಗಿನ ಜೀವ ಬೇಯುತ್ತದೆ. ನದಿ ರೀವ ಈಗ ಜಗತ್ತಿನ ಅಪಾಯದಂಚಿನ ಹಕ್ಕಿಗಳ ಪಟ್ಟಿಯಲ್ಲಿದೆ. ಅಲ್ಲಿ ಚಿತ್ರ ತೆಗೆಯುವವರು ಹಕ್ಕಿ ಕೂತಲ್ಲೇ ಕೂತಿರುವಷ್ಟು ದೂರದಲ್ಲಿ ದೋಣಿ ನಿಲ್ಲಿಸಿ, ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಿ ದಡಕ್ಕೆ ಮರಳಬೇಕು.